ಓದುಗರ ಪ್ರಶ್ನೆ: ‘ಅವಳು’ ತೆಗೆದು ‘ನಾನು’ ಅಂತ ಹಾಕಿದ್ರೆ ಕಥೆ ಹತ್ತಿರ ಆಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ, ನಾನು ಹಾಸನ ಜಿಲ್ಲೆಯವಳು, ಕಥೆ ಬರೆಯೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಜೊತೆಗೆ ಕಳಿಸಿರೋ ಕಥೆ ಸರ್ಕಾರಿ ಶಾಲೇಲಿ ಬಿಸಿಯೂಟ ಮಾಡೋ 31 ವರ್ಷದ ಹೆಂಗಸಿನದು. ಮಗ ಅದೇ ಶಾಲೇಲಿ ಏಳನೇ ಕ್ಲಾಸು. ಗೆಳೆಯರ ಮುಂದೆ ಅವನು ಅಮ್ಮನ್ನ ಅಮ್ಮ ಅನ್ನಲ್ಲ, ಎಲ್ಲ ಹುಡುಗರ ಹಾಗೆ ‘ಆಂಟಿ, ಸಾಂಬಾರ್’ ಅಂತಾನೆ. ಮೂರು ಜನಕ್ಕೆ ಓದೋಕೆ ಕೊಟ್ಟೆ, ಮೂರೂ ಜನ ‘ವಿಷಯ ಚೆನ್ನಾಗಿದೆ, ಆದ್ರೆ ದೂರದಿಂದ ನೋಡಿದ ಹಾಗಿದೆ’ ಅಂದ್ರು. ‘ಅವಳು’ ಅಂತ ಇರೋದನ್ನೆಲ್ಲ ‘ನಾನು’ ಅಂತ ಬದಲಾಯಿಸಿದ್ರೆ ಸರಿಹೋಗುತ್ತಾ?

ಉತ್ತರ: ನಿಮ್ಮ ಕಥೆ ಎರಡು ಸಲ ಓದಿದೆ. ‘ಆಂಟಿ, ಸಾಂಬಾರ್’ ಅನ್ನೋ ಮಾತು ಬಂದಾಗ ಹೊಟ್ಟೇಲಿ ಏನೋ ಹಿಂಡಿದ ಹಾಗಾಯ್ತು, ಕಥೆ ಅಲ್ಲಿದೆ, ಅದ್ರಲ್ಲಿ ಅನುಮಾನನೇ ಬೇಡ. ಆದ್ರೆ ಅದರ ಮುಂದಿನ ಸಾಲಿಗೇ ನೀವು ನನ್ನನ್ನ ಎಬ್ಬಿಸಿ ಹೊರಗೆ ಕಳಿಸಿಬಿಟ್ರಿ. ನೀವು ಬರೆದಿರೋದು ಹೀಗಿದೆ:

‘ಬಾಲಕನು ತಟ್ಟೆ ಹಿಡಿದು ನಿಂತನು. ಅವಳು ಬಹಳ ದುಃಖಿತಳಾದಳು. ಬಡತನ ಎಷ್ಟು ಕ್ರೂರ ಎಂದು ಯೋಚಿಸಿದಳು. ಮಗನಿಗೂ ಒಳಗೊಳಗೇ ನೋವಾಗಿತ್ತು.’

ಈಗ ಇದನ್ನೇ ‘ನಾನು ಬಹಳ ದುಃಖಿತಳಾದೆ, ಬಡತನ ಎಷ್ಟು ಕ್ರೂರ ಎಂದು ಯೋಚಿಸಿದೆ’ ಅಂತ ಓದಿ ನೋಡಿ. ಒಂದಿಂಚೂ ಹತ್ತಿರ ಬರಲಿಲ್ಲ ಅಲ್ವಾ? ಯಾಕಂದ್ರೆ ಇಲ್ಲಿ ಸೌಟು ಹಿಡಿದಿರೋ ಹೆಂಗಸು ಏನನ್ನೂ ನೋಡ್ತಾನೇ ಇಲ್ಲ, ನೀವು ಅವಳನ್ನ ನೋಡ್ತಾ ಇದೀರಿ, ನೋಡಿ ನಮಗೆ ವರದಿ ಕೊಡ್ತಾ ಇದೀರಿ. ಹೆತ್ತ ತಾಯಿ ಮಗನನ್ನ ‘ಬಾಲಕ’ ಅಂತ ಮನಸ್ಸಲ್ಲಾದ್ರೂ ಅಂದ್ಕೊಳ್ತಾಳಾ? ಆ ಒಂದು ಪದದಲ್ಲೇ ಓದೋರಿಗೆ ಗೊತ್ತಾಗಿಬಿಡುತ್ತೆ, ಇಲ್ಲಿ ಮಾತಾಡ್ತಿರೋಳು ಅಮ್ಮ ಅಲ್ಲ ಅಂತ. ಆ ಸಾಲಲ್ಲಿ ಅವಳ ಕಣ್ಣಿಗೆ ಬೀಳೋದು ಏನು ಅಂತ ಕೇಳ್ಕೊಳ್ಳಿ. ನಾನು ಹೀಗೆ ಬರೆದು ನೋಡಿದೆ, ಇದೇ ಸರಿ ಅಂತಲ್ಲ, ದಾರಿ ತೋರಿಸೋಕೆ:

‘ಸಾಲು ಸರೀತಾ ಬಂತು. ಸೌಟು ಅಡಿಯಿಂದ ಎತ್ತಿದಳು, ಎರಡು ಹೋಳು ಕ್ಯಾರೆಟ್ ಜಾಸ್ತಿ ಬಂತು, ಬರಲಿ. ತಟ್ಟೆ ಮುಂದೆ ಬಂತು. ಉಗುರು ಇಷ್ಟುದ್ದ ಬೆಳೆದಿದೆ, ಭಾನುವಾರವೇ ಕೂರಿಸಿಕೊಂಡು ತೆಗೀಬೇಕಿತ್ತು ತಾನು. “ಆಂಟಿ, ಸಾಂಬಾರ್.” ಹಾಕಿದಳು. ಹಿಂದಿನ ಹುಡುಗನ ತಟ್ಟೆ ಬಂತು.’

ಇಲ್ಲೂ ‘ಅವಳು’ ಅಂತಲೇ ಲೆಕ್ಕ, ‘ನಾನು’ ಎಲ್ಲೂ ಇಲ್ಲ. ದುಃಖ ಅನ್ನೋ ಪದನೂ ಇಲ್ಲ. ಆದ್ರೆ ಉಗುರನ್ನ ಅಮ್ಮ ಬಿಟ್ರೆ ಆ ಸಾಲಲ್ಲಿ ಬೇರೆ ಯಾರೂ ನೋಡಲ್ಲ, ಹಾಗಾಗಿ ಉಗುರು ನೋಡಿದ ಕೂಡ್ಲೇ ಓದೋರೂ ಅಮ್ಮ ಆಗಿಬಿಡ್ತಾರೆ, ಆಮೇಲೆ ‘ಆಂಟಿ’ ಅನ್ನೋದು ಅವರಿಗೇ ಬಂದು ಬಡಿಯುತ್ತೆ.

ಇನ್ನೊಂದು ಗಮನಿಸಿ, ‘ತಾನು’. ಕನ್ನಡದಲ್ಲಿ ಇದು ಎಷ್ಟು ಒಳ್ಳೆ ಪದ ಅಂದ್ರೆ, ‘ನಾನು’ ಅಂತ ಹೇಳದೇನೇ ಪಾತ್ರದ ತಲೆಯೊಳಗೆ ಕೂತು ಮಾತಾಡಬಹುದು. ‘ಅವಳು ತೆಗೀಬೇಕಿತ್ತು’ ಅಂದ್ರೆ ಪಕ್ಕದ ಮನೆಯೋರು ಅವಳನ್ನ ಆಕ್ಷೇಪ ಮಾಡಿದ ಹಾಗೆ, ‘ತೆಗೀಬೇಕಿತ್ತು ತಾನು’ ಅಂದ್ರೆ ಅವಳೇ ತನ್ನನ್ನ ಬೈಕೊಂಡ ಹಾಗೆ. ‘ಎಂದು ಯೋಚಿಸಿದಳು’ ಅನ್ನೋ ಬಾಲನೂ ಬೇಕಾಗಿಲ್ಲ, ನಿಮ್ಮ ಕಥೇಲಿ ಅದು ಹದಿನಾಲ್ಕು ಸಲ ಇದೆ, ಹನ್ನೆರಡನ್ನ ಧೈರ್ಯವಾಗಿ ತೆಗೀರಿ.

ಇನ್ನು ಎರಡನೇ ಪುಟದಲ್ಲಿ ‘ಹೆಡ್ ಮೇಷ್ಟ್ರು ಅಡುಗೆ ಕೋಣೆಗೆ ಹೋದರು, ರುಚಿ ನೋಡಿ ಬುಕ್ಕಲ್ಲಿ ಸೈನ್ ಹಾಕಿದರು’ ಅಂತ ಇದೆ. ನಿಮ್ಮ ಹೆಂಗಸು ಆ ಹೊತ್ತಿಗೆ ಎಲ್ಲಿದ್ದಾಳೆ? ಅಡುಗೆ ಕೋಣೆ ಒಳಗೇ, ಅನ್ನದ ಪಾತ್ರೆ ಪಕ್ಕ. ಅವಳ ಪಾಲಿಗೆ ಮೇಷ್ಟ್ರು ‘ಬಂದರು’. ‘ಹೋದರು’ ಅಂತ ಬರೆದಾಗ ಓದೋರು ಶಾಲೆ ಮೈದಾನದಲ್ಲಿ ನಿಂತು ಮೇಷ್ಟ್ರ ಬೆನ್ನು ನೋಡ್ತಾರೆ, ‘ಬಂದರು’ ಅಂತ ಬರೆದ್ರೆ ಹೊಗೆ ಹಿಡಿದ ಗೋಡೆ ಒಳಗೆ ಅವಳ ಜೊತೆ ಸೆರಗು ಸರಿ ಮಾಡ್ಕೊಂಡು ನಿಲ್ತಾರೆ. ಒಂದೇ ಒಂದು ಕ್ರಿಯಾಪದ. ಹಾಗೇನೇ ಗಂಡನ್ನ ಒಂದು ಕಡೆ ‘ಅವನು’, ಇನ್ನೊಂದು ಕಡೆ ‘ಇವರು’ ಅಂತ ಮಾಡಿದೀರಿ. ಅವಳು ಮನೇಲಿ ಗಂಡನಿಗೆ ‘ಇವರು’ ಅನ್ನೋ ಪೈಕಿ ಆದ್ರೆ ಕಥೆ ಪೂರ್ತಿ ‘ಇವರು’ ಇರಲಿ, ಜಗಳದ ದಿನ ಮನಸ್ಸಲ್ಲಿ ಅದು ‘ಅವನು’ ಅಂತ ತಿರುಗಿದ್ರೆ ಆ ಜಗಳಕ್ಕೆ ಬೇರೆ ವಿವರಣೆನೇ ಬೇಡ, ಆದ್ರೆ ಅದು ನಿಮ್ಮ ಕೈ ತಪ್ಪಿ ಆಗಿರಬಾರದು.

‘ನಾನು’ ಬಗ್ಗೆ ಒಂದು ಮಾತು ಹೇಳಲೇಬೇಕು. ‘ನಾನು’ ಅಂದ್ರೆ ಎಲ್ಲ ಬಿಚ್ಚಿ ಹೇಳೋದು ಅಂತ ಬಹಳ ಜನ ತಿಳ್ಕೊಂಡಿದಾರೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದೀರಾ? ಕಾಫಿ ಹೌಸಲ್ಲಿ ಕೂತು ‘ನಾನು’ ‘ನಾನು’ ಅಂತ ತನ್ನ ಮನೆ ಕಥೆ ಹೇಳೋ ಆ ಮನುಷ್ಯನ ಹೆಸರು ಕೂಡ ನಮಗೆ ಗೊತ್ತಾಗಲ್ಲ, ಅವನು ಯಾವುದನ್ನ ಹೇಳದೆ ಪಕ್ಕಕ್ಕೆ ಸರೀತಾನೋ ಅಲ್ಲೇ ನಮ್ಮ ಎದೆ ಹೊಡ್ಕೊಳ್ಳೋದು. ನಿಮ್ಮ ಹೆಂಗಸು ‘ನಾನು’ ಅಂತ ಹೇಳೋದಾದ್ರೆ ಯಾರಿಗೆ ಹೇಳ್ತಿದಾಳೆ, ಏನನ್ನ ಮುಚ್ಚಿಡ್ತಾಳೆ ಅನ್ನೋದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲ ಅಂದ್ರೆ ‘ಅವಳು’ ಅಂತಲೇ ಇರಲಿ.

ಮತ್ತೆ ಒಂದು, ಇದು ನನಗೆ ನಿಮ್ಮ ಕಥೆ ಓದಿ ಮುಗಿಸಿದ ಮೇಲೆ ಹೊಳೆದದ್ದು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ, ಅಂದ್ರೆ ಈ ಬಿಸಿಯೂಟದ ಯೋಜನೆ, ಶುರುವಾಗಿದ್ದು 2002ರಲ್ಲಿ, ಮೊದಲು ಉತ್ತರದ ಜಿಲ್ಲೆಗಳಲ್ಲಿ, ಆಮೇಲೆ ಉಳಿದ ಕಡೆ. ನಿಮ್ಮ ಪಾತ್ರಕ್ಕೆ 31 ವರ್ಷ. ಅಂದ್ರೆ ನಾಲ್ಕನೇ ಕ್ಲಾಸೋ ಐದನೇ ಕ್ಲಾಸೋ ಇದ್ದಾಗ ಅವಳೂ ಇದೇ ತರ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಂತಿರಬಹುದಲ್ವಾ? ಆಗ ಬಡಿಸ್ತಿದ್ದೋರನ್ನ ಅವಳು ಏನಂತ ಕರೀತಿದ್ಲು? ಅವರ ಮಕ್ಕಳು ಯಾರಾದ್ರೂ ಅದೇ ಸಾಲಲ್ಲಿದ್ರಾ? ಇದು ಲೇಖಕಿಗೆ ಲೆಕ್ಕ ಹಾಕಿದ್ರೆ ಸಿಗೋ ವಿಷಯ, ಅವಳಿಗೆ ಸೌಟು ಎತ್ತುವಾಗ ಸುಮ್ನೆ ನೆನಪಾಗೋ ವಿಷಯ. ನನ್ನ ಕೇಳಿದ್ರೆ ಬಡತನದ ಮೇಲಿನ ಆ ಎರಡು ಪ್ಯಾರಾ ಪೂರ್ತಿ ತೆಗೆದು ಈ ನೆನಪು ಹಾಕಿ.

ಪ್ರಶ್ನೆ: ಒಂದೇ ಕಥೇಲಿ ಇಬ್ಬರ ಮನಸ್ಸಿನೊಳಗೆ ಹೋಗಬಾರದು ಅಂತಾರೆ, ನಿಜಾನಾ? (ಓದುಗರು, ದಾವಣಗೆರೆ)

ಉತ್ತರ: ಹೋಗಬಹುದು, ಯಾರ ಅಪ್ಪಣೆನೂ ಬೇಡ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು, ಅದರಲ್ಲಿ ಒಡೆಯರ ಮನಸ್ಸು, ಆಳುಗಳ ಮನಸ್ಸು ಇರಲಿ, ಗುತ್ತಿಯ ನಾಯಿ ಹುಲಿಯನ ಜೊತೆಗೂ ನಾವು ಕಾಡಲ್ಲಿ ನಡೀತೀವಿ, ಅವನ ಪಾಡಿಗೆ ಮರುಗ್ತೀವಿ. ಭೈರಪ್ಪನವರ ‘ಪರ್ವ’ ಬಂದದ್ದು 1979ರಲ್ಲಿ, ಅಲ್ಲಿ ಒಬ್ಬೊಬ್ಬರ ಸರದಿ ಬಂದಾಗ ಅವರ ಕಣ್ಣಿಂದ ಮಹಾಭಾರತ ಕಾಣುತ್ತೆ, ಅದೂ ಶುರುವಾಗೋದು ಕೃಷ್ಣಾರ್ಜುನರಿಂದ ಅಲ್ಲ, ಮದ್ರ ದೇಶದ ಮುದುಕ ಶಲ್ಯನಿಂದ. ಇಬ್ಬರೂ ಒಂದು ಮನಸ್ಸಲ್ಲಿ ನಮ್ಮನ್ನ ಸಾಕಷ್ಟು ಹೊತ್ತು ಇಟ್ಕೊಂಡು ಆಮೇಲೆ ಮುಂದಕ್ಕೆ ಕರ್ಕೊಂಡು ಹೋಗ್ತಾರೆ.

ತೊಂದರೆ ಆಗೋದು ಒಂದೇ ಪ್ಯಾರಾದಲ್ಲಿ ಜಿಗಿದಾಗ. ಮೇಲಿನ ಕಥೇಲಿ ‘ಮಗನಿಗೂ ಒಳಗೊಳಗೇ ನೋವಾಗಿತ್ತು’ ಅಂತ ಇತ್ತಲ್ಲ, ಅದನ್ನ ಓದಿದ ಕೂಡ್ಲೇ ತಾಯಿ ಕಷ್ಟ ಅರ್ಧ ಕಮ್ಮಿ ಆಗಿಬಿಡ್ತು, ಅವಳಿಗೆ ಗೊತ್ತಾಗದೇ ಇರೋ ಸಮಾಧಾನ ನಮಗೆ ಮೊದಲೇ ಸಿಕ್ಕಿಬಿಡ್ತು. ಮಗನ ಒಳಗೂ ಹೋಗಲೇಬೇಕು ಅಂದ್ರೆ ಒಂದು ಗೆರೆ ಜಾಗ ಬಿಟ್ಟು ಮತ್ತೆ ಅದೇ ಸಾಲಿನ ಹಿಂದಿನಿಂದ ಬನ್ನಿ. ಅವನು ಅಮ್ಮನ ಮುಖ ನೋಡಲ್ಲ, ಸೌಟು ನೋಡ್ತಾನೆ, ಗಾಜಿನ ಬಳೆ ನೋಡ್ತಾನೆ. ಮುಂದಿನವನಿಗೆ ಒಂದು ಸೌಟು. ತನಗೂ ಒಂದೇ ಹಾಕಲಿ, ಇವತ್ತಾದ್ರೂ ಅಡಿಯಿಂದ ಎತ್ತದೆ ಇರಲಿ. ಸೌಟು ಅಡಿಗೆ ಹೋಯ್ತು. ಎರಡು ಹೋಳು ಕ್ಯಾರೆಟ್ ಜಾಸ್ತಿ ಬಿತ್ತು, ಹಿಂದಿದ್ದವನು ಬಗ್ಗಿ ನೋಡಿದ.