ಮೋಸ ಹೋದ ಮೇಲೂ ಕೊಡಬೇಕಾ?

ಪ್ರಶ್ನೆ: ಅಯ್ಯನವರೇ, ವಂದನೆಗಳು. ನಮ್ಮ ಮನೆಗೆಲಸದವಳು ಮಗಳಿಗೆ ಜ್ವರ, ಆಸ್ಪತ್ರೆಗೆ ಸೇರಿಸಬೇಕು ಅಂತ ಅತ್ತುಕೊಂಡು ಬಂದಿದ್ದಳು. ಐದು ಸಾವಿರ ಕೊಟ್ಟೆ. ಅದರಲ್ಲಿ ಮುಕ್ಕಾಲು ಪಾಲು ಅವಳ ಗಂಡನ ಕುಡಿತಕ್ಕೆ ಹೋಯಿತು ಅಂತ ಆಮೇಲೆ ಗೊತ್ತಾಯಿತು. ಅವತ್ತಿನಿಂದ ಯಾರಿಗೂ ಕೊಡಲು ಮನಸ್ಸು ಬರುತ್ತಿಲ್ಲ. ಚರ್ಚಿನ ಸಭೆಗೆ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಮಾತ್ರ ತಪ್ಪದೆ ಕೊಡುತ್ತೇನೆ. ನಮ್ಮ ಯಜಮಾನರು "ದುಡಿಯದವನು ಉಣ್ಣಬಾರದು ಅಂತ ಬೈಬಲ್ಲೇ ಹೇಳಿದೆ" ಅನ್ನುತ್ತಾರೆ. ಆದರೆ "ಕೇಳುವವನಿಗೆ ಕೊಡು" ಅನ್ನುವ ಯೇಸುಸ್ವಾಮಿಯ ಮಾತು ಚುಚ್ಚುತ್ತಲೇ ಇರುತ್ತದೆ. ಅವರನ್ನು ಹಿಂಬಾಲಿಸುವುದು ಅಂದರೆ ಇದ್ದದ್ದನ್ನೆಲ್ಲ ಕೊಟ್ಟುಬಿಡುವುದಾ?
— ಒಬ್ಬ ಸಹೋದರಿ, ಬೆಂಗಳೂರು

ಉತ್ತರ: ಸಹೋದರಿ, ನಿಮಗೆ ನೋವಾಗಿದೆ. ನಂಬಿ ಕೊಟ್ಟವರಿಗೆ ಹೀಗಾದರೆ ಬೇಸರ ಆಗೇ ಆಗುತ್ತದೆ. ಆದರೂ ನಿಮ್ಮ ಮನಸ್ಸು ಚುಚ್ಚುತ್ತಿದೆ ಅಂದಿರಲ್ಲ, ಅದು ಒಳ್ಳೆಯದೇ. ಅದನ್ನು ಅದುಮಿಡಬೇಡಿ.

ಮೊದಲು ನಿಮ್ಮ ಯಜಮಾನರ ಮಾತಿಗೆ ಬರೋಣ. ಅವರು ಹೇಳಿದ ವಚನ ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದ ಮೂರನೇ ಅಧ್ಯಾಯದಲ್ಲಿದೆ. ಅಲ್ಲಿನ ಸಭೆಯಲ್ಲಿ ಕೆಲವರು ಮೈಬಗ್ಗಿಸಿ ದುಡಿಯಲು ಒಲ್ಲದೆ ಊರವರ ವಿಷಯದಲ್ಲಿ ತಲೆ ಹಾಕಿಕೊಂಡು ತಿರುಗುತ್ತಿದ್ದರು. ಆ ಮಾತು ಹೇಳಿದ್ದು ಅಂಥವರಿಗೆ. ಕೆಲಸ ಸಿಗದವರಿಗಲ್ಲ, ಕಾಯಿಲೆಯವರಿಗಲ್ಲ, ನಾಲ್ಕು ಮನೆಯ ಪಾತ್ರೆ ತೊಳೆಯುವ ತಾಯಿಗಂತೂ ಅಲ್ಲವೇ ಅಲ್ಲ. ಹತ್ತನೇ ವಚನ ಓದಿದವರು ಹದಿಮೂರನೆಯದನ್ನೂ ಓದಬೇಕು. ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಪಡಬೇಡಿ ಅಂತಿದೆ ಅಲ್ಲಿ. ಈ ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದಿವೆ.

ಈಗ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯ ತೆಗೆಯಿರಿ. ಒಳ್ಳೆಯ ಸಮಾರ್ಯದವನ ಕಥೆ ಭಾನುವಾರದ ಶಾಲೆಯಿಂದಲೂ ನಮಗೆ ಗೊತ್ತು. ಗೊತ್ತು ಅನ್ನುವ ಕಾರಣಕ್ಕೇ ನಾವು ಅದನ್ನು ಬೇಗ ಓದಿ ಮುಗಿಸುತ್ತೇವೆ. ಈ ಸಲ ನಿಧಾನವಾಗಿ ಓದಿ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್. ಅಷ್ಟರಲ್ಲೇ ದಾರಿ ಸುಮಾರು ಸಾವಿರ ಮೀಟರ್ ಕೆಳಗಿಳಿಯುತ್ತದೆ. ಬರೀ ಬಂಡೆ, ಕೊರಕಲು, ಕಳ್ಳರು ಅಡಗಲು ಹೇಳಿ ಮಾಡಿಸಿದ ಜಾಗ. ಅಂಥ ಕಡೆ ಕಳ್ಳರು ಹೊಡೆದು ದೋಚಿ ಬಿಟ್ಟುಹೋದ ಒಬ್ಬನನ್ನು ಕಂಡು ಸಮಾರ್ಯದವನು ನಿಲ್ಲುತ್ತಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಬಟ್ಟೆ ಕಟ್ಟುತ್ತಾನೆ. ತನ್ನ ಸವಾರಿಯ ಪ್ರಾಣಿಯ ಮೇಲೆ ಅವನನ್ನು ಕೂರಿಸುತ್ತಾನೆ. ಅಂದರೆ ಉಳಿದ ದಾರಿ ಅವನು ನಡೆದೇ ಹೋಗಿರಬೇಕು, ಅಲ್ವಾ? ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡುತ್ತಾನೆ. ಮಾರನೇ ದಿನ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ. ಅಂದಿನ ಲೆಕ್ಕದಲ್ಲಿ ಅದು ಕೂಲಿಯವನ ಎರಡು ದಿನದ ಸಂಬಳ.

ಆ ಹಣವನ್ನು ಅವನು ಯಾರ ಕೈಗೆ ಕೊಟ್ಟ ನೋಡಿ. ಗಾಯಗೊಂಡವನ ಕೈಗಲ್ಲ, ಛತ್ರದವನ ಕೈಗೆ. "ಇವನನ್ನು ನೋಡಿಕೋ, ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ" ಅನ್ನುತ್ತಾನೆ. ಖರ್ಚು ಎಲ್ಲಿದೆಯೋ ಅಲ್ಲಿಗೇ ಹಣ ಹೋಯಿತು. ತಾನು ಮತ್ತೆ ಬರುತ್ತೇನೆ ಅನ್ನುವ ಮಾತೂ ಜೊತೆಗಿತ್ತು. ಈ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅಂತ ಅವನು ವಿಚಾರಿಸಲಿಲ್ಲ. ಇವನಿಗೆ ಈಗ ಏನು ಬೇಕು ಅಂತ ಮಾತ್ರ ನೋಡಿದ. ಯೇಸುಸ್ವಾಮಿ ಕಲಿಸಿದ ಕರುಣೆ ಇದೇ. ಅದರಲ್ಲಿ ಯೋಗ್ಯತೆಯ ಪರೀಕ್ಷೆ ಇಲ್ಲ, ಆದರೆ ಬುದ್ಧಿ ಇದೆ. ಕೊಟ್ಟು ಕೈತೊಳೆದುಕೊಳ್ಳುವುದಂತೂ ಇಲ್ಲ.

ನೀವು ಐದು ಸಾವಿರ ಕೊಟ್ಟಿದ್ದು ತಪ್ಪಲ್ಲ. ಮುಂದಿನ ಸಲ ಅವಳ ಜೊತೆ ನೀವೇ ಆಸ್ಪತ್ರೆಗೆ ಹೋಗಿ. ಬಿಲ್ ಕೌಂಟರಿನಲ್ಲಿ ಕಟ್ಟಿ, ಔಷಧಿ ತೆಗೆಸಿಕೊಡಿ. ಅರ್ಧ ದಿನ ಹೋಗುತ್ತದೆ, ನಿಜ. ಹಣಕ್ಕಿಂತ ಆ ಅರ್ಧ ದಿನ ಕೊಡುವುದೇ ನಮಗೆ ಕಷ್ಟ.

ಇನ್ನೊಂದು ಮಾತು. ಆ ಹಣವನ್ನು ಅವಳೇ ಗಂಡನಿಗೆ ಕೊಟ್ಟಳೋ, ಅವನು ಹೊಡೆದು ಕಸಿದುಕೊಂಡನೋ? ಕೇಳಿದ್ದೀರಾ? ಕುಡುಕನ ಮನೆಯಲ್ಲಿ ಹೆಂಡತಿಯ ಕೈಯಲ್ಲಿ ಹಣ ನಿಲ್ಲುವುದಿಲ್ಲ. ಮೋಸ ಆಗಿದ್ದು ನಿಮಗೊಬ್ಬರಿಗೇ ಅಲ್ಲ, ಜ್ವರದ ಮಗುವಿಗೂ ಆಗಿದೆ. ಬೆಂಗಳೂರಿನಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಇದೆ, ಅಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಇದೆ. ಕುಡಿತ ಬಿಡಬೇಕು ಅನ್ನುವವರು ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಿಗೆ ಶುಲ್ಕ ಇಲ್ಲ. ಕುಡುಕರ ಮನೆಯವರಿಗೆ ಅಂತಲೇ ಅಲ್-ಅನಾನ್ ಗುಂಪುಗಳಿವೆ. ಇವನ್ನು ಅವಳಿಗೆ ತಿಳಿಸಿ, ಮೊದಲ ಸಲ ಜೊತೆಗೆ ಹೋಗಿ. ಹಾಗೆಯೇ ಸಿಗ್ನಲ್‌ಗಳಲ್ಲಿ ಕೈಚಾಚುವ ಮಕ್ಕಳಿಗೆ ದುಡ್ಡು ಕೊಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕೊಡುವ ರೀತಿಯ ಬಗ್ಗೆ ಹಳೆ ಒಡಂಬಡಿಕೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಗ ಇದೆ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಕೊಯ್ಲಿನಲ್ಲಿ ಉದುರಿದ ತೆನೆ, ಅಂದರೆ ಹಕ್ಕಲು, ಆಯಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ ಅಂತ ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ. ಮೋವಾಬಿನಿಂದ ಬಂದ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಬೋವಜ ಆಳುಗಳಿಗೆ ಹೇಳಿದ್ದೇನು ಗೊತ್ತಾ? ಕಟ್ಟಿನಿಂದ ಒಂದಿಷ್ಟು ತೆನೆಗಳನ್ನು ಬೇಕಂತಲೇ ಎಳೆದು ಬೀಳಿಸಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ. ಅವಳು ತಲೆ ತಗ್ಗಿಸದೆ ಸಂಜೆಯವರೆಗೂ ದುಡಿದು ಮನೆಗೆ ಒಯ್ದಳು. ಕೊಟ್ಟವನ ದೊಡ್ಡಸ್ತಿಕೆ ಎಲ್ಲೂ ಕಾಣಲಿಲ್ಲ. ಈಗ ನಮ್ಮ ಸಭೆಗಳು ಅಕ್ಕಿ ಚೀಲ ಕೊಡುವಾಗ ವಿಧವೆಯರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತವೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದ ಯೇಸುಸ್ವಾಮಿಯ ಹೆಸರಿನಲ್ಲಿ ಇದನ್ನು ಮಾಡುವುದು ತಪ್ಪು. ಇದು ಇವತ್ತೇ ನಿಲ್ಲಬೇಕು.

ದುಡಿಮೆ ಕೊಡುವುದೂ ಕರುಣೆಯೇ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರ ಎದುರಿಗೆ ಇದೇ ಪ್ರಶ್ನೆ ಬಂತು. ಕ್ರೈಸ್ತರಾದವರು ಮನೆ, ಕುಲಕಸುಬು ಕಳೆದುಕೊಂಡು ಬರುತ್ತಿದ್ದರು. ಎಷ್ಟು ದಿನ ಗಂಜಿ ಹಾಕುವುದು? ಹಾಗಾಗಿ ನೇಯ್ಗೆ ಶುರುವಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಹಾಗಂತ ದುಡಿಯಲಾಗದವರನ್ನು ಬಿಡುವಂತಿಲ್ಲ. ಅದೇ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯ ತೆರೆದರು. ಆ ರೋಗಿಗಳಿಂದ ಅವರಿಗೆ ಏನೂ ತಿರುಗಿ ಬರುವಂತಿರಲಿಲ್ಲ.

ದಶಮಾಂಶ ಕೊಡಿ, ಬಿಡಬೇಡಿ. ಆದರೆ ಅದರಿಂದ ಲೆಕ್ಕ ಚುಕ್ತಾ ಆಯಿತು ಅಂದುಕೊಳ್ಳಬೇಡಿ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಎಣಿಸಿ ಕೊಟ್ಟು, ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರನ್ನು ಯೇಸುಸ್ವಾಮಿ ಬಲವಾಗಿ ಗದರಿಸಿದರು. ಮತ್ತಾಯ 23ರಲ್ಲಿದೆ ಅದು.

ಇದ್ದದ್ದೆಲ್ಲ ಕೊಡಬೇಕಾ ಅಂತ ಕೇಳಿದಿರಿ. ಯೇಸುಸ್ವಾಮಿ ಒಬ್ಬ ಶ್ರೀಮಂತನಿಗೆ ಎಲ್ಲ ಮಾರಿ ಬಾ ಅಂದರು. ಸುಂಕ ವಸೂಲಿ ಮಾಡುವ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ ಅಂದಾಗ ಅವನ ಮನೆಗೆ ರಕ್ಷಣೆ ಬಂತು ಅಂದರು. ತಮ್ಮನ್ನು ಮನೆಗೆ ಬರಮಾಡಿಕೊಂಡ ಮಾರ್ಥಳಿಗೆ ಮನೆ ಮಾರು ಅನ್ನಲಿಲ್ಲ, ಆ ಮನೆಯಲ್ಲೇ ಉಂಡರು. ನಿಮ್ಮ ಪಾಲು ಎಷ್ಟು ಅಂತ ನಾನು ಹೇಳಲಾರೆ. ಗಂಡ ಹೆಂಡತಿ ಇಬ್ಬರೂ ಕೂತು ಪ್ರಾರ್ಥನೆ ಮಾಡಿ ನಿರ್ಧರಿಸಿ. ದಶಮಾಂಶದ ಹೊರಗೆ ತಿಂಗಳಿಗೆ ಇಷ್ಟು ಅಂತ ಎತ್ತಿಡಿ. ಕಷ್ಟ ಅಂತ ಯಾರಾದರೂ ಬಂದಾಗ ಇದೆಯೋ ಇಲ್ಲವೋ ಅಂತ ತಡಕಾಡಬೇಕಾಗುವುದಿಲ್ಲ.

ಮತ್ತೆ ಮೋಸ ಆದರೆ? ಆಗಬಹುದು. ಯೇಸುಸ್ವಾಮಿಯಿಂದ ಹತ್ತು ಕುಷ್ಠರೋಗಿಗಳು ಗುಣವಾದರು, ತಿರುಗಿ ಬಂದು ವಂದಿಸಿದವನು ಒಬ್ಬನೇ. ಉಳಿದ ಒಂಬತ್ತು ಜನರೆಲ್ಲಿ ಅಂತ ಯೇಸುಸ್ವಾಮಿ ಕೇಳಿದರು. ಅಂದರೆ ಅವರಿಗೂ ನೋವಾಯಿತು. ಆದರೆ ಕೊಟ್ಟ ಆರೋಗ್ಯವನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ಮುಂದಿನ ಊರಿನಲ್ಲಿ ಗುಣಪಡಿಸುವುದನ್ನೂ ನಿಲ್ಲಿಸಲಿಲ್ಲ.

ನಾಳೆ ಅವಳು ಕೆಲಸಕ್ಕೆ ಬಂದಾಗ ಐದು ಸಾವಿರದ ಮಾತು ಎತ್ತಬೇಡಿ. ಮಗಳು ಹೇಗಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳಾ ಅಂತ ಮೊದಲು ಕೇಳಿ.