ಪಳಗಿದ ಕೈಗೆ ಬಂದ ಭಯ

ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಬಹುಕಾಲದಿಂದ ಪವರ್ ಪ್ರೆಸ್ (ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಯಂತ್ರ) ನಡೆಸುತ್ತಿರುವ ಆಪರೇಟರ್ ಒಬ್ಬರನ್ನು ಅವರ ಪತ್ನಿ ಆಪ್ತಸಲಹೆಗೆ ಕರೆತಂದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಮೂರು ವಾರಗಳ ಹಿಂದೆ, ಅವರ ಬಳಿ ಕೆಲಸ ಕಲಿಯುತ್ತಿದ್ದ ಹುಡುಗನ ಎರಡು ಬೆರಳುಗಳು ಡೈ, ಅಂದರೆ ಯಂತ್ರದ ಅಚ್ಚಿನ, ನಡುವೆ ಸಿಕ್ಕಿ ತುಂಡಾಗಿದ್ದವು. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ಯಂತ್ರದ ಮುಂದೆ ನಿಂತರೆ ಕೈ ನಡುಗುತ್ತದೆ. "ಈ ಭಯ ಒಂದು ಹೋಗೋ ಹಾಗೆ ಮಾಡಿ ಮೇಡಂ, ಟಾರ್ಗೆಟ್ ಮುಟ್ಟೋಕಾಗ್ತಿಲ್ಲ" ಎಂದು ಅವರು ಕೇಳಿಕೊಂಡರು.

ನಿಜವಾದ ಸಂಕಟ ಹೊರಬಿದ್ದದ್ದು ಎರಡನೆಯ ಭೇಟಿಯಲ್ಲಿ. ಆ ಪ್ರೆಸ್‌ಗೆ ಎರಡು ಬಟನ್‌ಗಳಿದ್ದು, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನಿಂದ ಬಡಿಯುವ ಭಾಗವಾದ ರ‍್ಯಾಮ್ ಕೆಳಗಿಳಿಯುವುದರಿಂದ ಆ ಹೊತ್ತಿಗೆ ಎರಡೂ ಕೈಗಳು ಡೈನಿಂದ ಹೊರಗಿರಲೇಬೇಕು. ಒಂದು ಬಟನ್ ಒತ್ತಿಯೇ ಇರುವಂತೆ ಟೇಪ್ ಸುತ್ತಿಬಿಟ್ಟರೆ ಒಂದು ಕೈ ಶೀಟ್ ಇಡಲು ಬಿಡುವಾಗಿ, ಪೀಸ್‌ಗಳು ಬೇಗ ಬೇಗ ಬೀಳುತ್ತವೆ. ಹುಡುಗನಿಗೆ ಇದನ್ನು ಹೇಳಿಕೊಟ್ಟವರು ಇವರೇ. ಇವರಿಗೆ ಹೇಳಿಕೊಟ್ಟವರು ಹಿಂದಿನ ಆಪರೇಟರ್. "ನಂಗೇನೂ ಆಗಿರ್ಲಿಲ್ಲ, ಕೈ ಪಳಗಿತ್ತು. ಅವನ ಹಣೆಬರಹ ಅಂತಾರೆ ಎಲ್ರೂ. ಆದ್ರೆ ಅವ್ನು ನನ್ನ ಅಣ್ಣಾ ಅಂತಿದ್ದ ಮೇಡಂ."

ಈ ಭಯವನ್ನು ಓಡಿಸುವುದು ನನ್ನ ಕೆಲಸವಲ್ಲ ಎಂದು ಅವರಿಗೆ ನೇರವಾಗಿಯೇ ಹೇಳಿದೆ. ಅವರು ನಡೆಸುವಂಥ ಹಳೆಯ ಕೀ ಕ್ಲಚ್ ಪ್ರೆಸ್‌ನಲ್ಲಿ ಹೊಡೆತ ಒಮ್ಮೆ ಆರಂಭವಾದರೆ ನಡುವೆ ನಿಲ್ಲಿಸಲಾಗದು. ಹೊಡೆತವನ್ನು ಆರಂಭಿಸಿ ನಿಲ್ಲಿಸುವುದು ಈ ಕ್ಲಚ್. ಕ್ಲಚ್‌ನ ಭಾಗಗಳು ಸವೆದಿದ್ದರೆ ಯಾರೂ ಬಟನ್ ಒತ್ತದೆಯೂ ರ‍್ಯಾಮ್ ಮತ್ತೊಮ್ಮೆ ಇಳಿಯಬಹುದು. ಅಲ್ಲಿ ಪಳಗಿದ ಕೈಗೂ ಹೊಸ ಕೈಗೂ ಭೇದವಿಲ್ಲ. ಇಷ್ಟು ವರ್ಷ ಅದೃಷ್ಟ ಕಾಪಾಡಿದ್ದನ್ನು ಅವರು ತಮ್ಮ ನೈಪುಣ್ಯವೆಂದು ನಂಬಿದ್ದರು, ಮತ್ತು ಆ ನಂಬಿಕೆ ಮುರಿದದ್ದೇ ನಡುಕವಾಗಿ ಕಾಣುತ್ತಿತ್ತು. ಧೈರ್ಯ ತುಂಬಿ ಅದೇ ಟೇಪ್ ಸುತ್ತಿದ ಯಂತ್ರಕ್ಕೆ ಅವರನ್ನು ಮರಳಿ ಕಳಿಸುವುದು ಆಪ್ತಸಲಹೆಯೇ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಪ್ಪಿತಸ್ಥ ಭಾವನೆಯ ವಿಷಯದಲ್ಲಿ ಹೆಚ್ಚು ಸಮಯ ಹಿಡಿಯಿತು. ಹೇಳಿಕೊಟ್ಟದ್ದು ಅವರ ಪಾಲಿನ ಹೊಣೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು ಕಾನೂನು ವಿಧಿಸಿದ್ದು ಕಾರ್ಖಾನೆ ನಡೆಸುವವರಿಗೆ. ಸೂಪರ್‌ವೈಸರ್ ದಿನವೂ ಆ ಟೇಪ್ ನೋಡುತ್ತಿದ್ದರು. ಟಾರ್ಗೆಟ್ ನಿಗದಿಯಾದದ್ದೇ ಟೇಪ್ ಸುತ್ತಿದ ಯಂತ್ರದ ವೇಗದಲ್ಲಿ. ಇಡೀ ಹೊಣೆಯನ್ನು ಒಬ್ಬನೇ ಹೊತ್ತರೆ ಉಳಿದವರು ಸುಲಭವಾಗಿ ಕಳಚಿಕೊಳ್ಳುತ್ತಾರೆ ಎಂದಾಗ ಅವರು ಬಹಳ ಹೊತ್ತು ಅತ್ತರು.

ಹುಡುಗನ ಮನೆಗೆ ಹೋಗಿ, ಕ್ಷಮೆಗಾಗಿ ಒತ್ತಾಯಿಸದೆ, ನಡೆದದ್ದನ್ನು ನಡೆದಂತೆ ಹೇಳಿಬರಲು ಸೂಚಿಸಿದೆ. ಅಪಘಾತ ರಿಜಿಸ್ಟರ್‌ನಲ್ಲಿ ದಾಖಲಾಗಿದೆಯೇ, ಕಾರ್ಮಿಕರ ಸರ್ಕಾರಿ ವಿಮಾ ವ್ಯವಸ್ಥೆಯಾದ ಇಎಸ್‌ಐಗೆ ವರದಿ ಹೋಗಿದೆಯೇ ಎಂದು ಅವನ ಪರವಾಗಿ ವಿಚಾರಿಸುವುದು ಕಣ್ಣೀರಿಗಿಂತ ಉಪಯುಕ್ತ. ಕೆಲಸದಲ್ಲಾದ ಗಾಯಕ್ಕೆ ಚಿಕಿತ್ಸೆಯ ರಜೆಯಲ್ಲಿ ಇಎಸ್‌ಐ ವೇತನದ ಶೇ. 90ರಷ್ಟು ಕೊಡುತ್ತದೆ; ಬೆರಳು ಕಳೆದುಕೊಂಡವರಿಗೆ ವೈದ್ಯಕೀಯ ಮಂಡಳಿಯ ತೀರ್ಮಾನದಂತೆ ಶಾಶ್ವತ ಅಂಗವೈಕಲ್ಯದ ಪರಿಹಾರವೂ ಇದೆ. ಗಾರ್ಡ್ ಹಾಕಿಸಿ, ಶೀಟ್ ಇಡಲು ಇಕ್ಕಳ ಕೊಡಿಸಿ ಎಂದು ಒಬ್ಬರೇ ಕೇಳದೆ, ಶಿಫ್ಟ್‌ನ ಎಲ್ಲರೂ ಸಹಿ ಹಾಕಿ ಬರೆದು ಕೊಡುವಂತೆಯೂ ಹೇಳಿದೆ. ನಿದ್ರಾಹೀನತೆ ತಿಂಗಳು ದಾಟಿಯೂ ಉಳಿದರೆ ಮನೋವೈದ್ಯರನ್ನು ಕಾಣಬೇಕು. ಅದುವರೆಗೆ ರಾತ್ರಿ ಹೊತ್ತಿನಲ್ಲಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ನಿದ್ದೆ ಈಗ ಸುಧಾರಿಸಿದೆ. ಅವರ ಪ್ರೆಸ್‌ಗೆ ಗಾರ್ಡ್ ಬಂದಿದೆ, ಉಳಿದವುಗಳಿಗೆ ಇನ್ನೂ ಬಂದಿಲ್ಲ. ಮುಂದಿನ ಭೇಟಿಗೆ ಇಬ್ಬರು ಸಹೋದ್ಯೋಗಿಗಳನ್ನು ಕರೆತರಲು ಅವರು ಅನುಮತಿ ಕೇಳಿದ್ದಾರೆ, ನಾನು ಒಪ್ಪಿದ್ದೇನೆ.