ಫೈಲ್ ತೆರೆಯದಿದ್ದರೆ ಯಾರನ್ನು ಕೇಳಬೇಕು?

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿದೆ. ಅರ್ಧ ಸಾಫ್ಟ್‌ವೇರ್ ನಡೀತಾ ಇಲ್ಲ. ಎಲ್ಲ ಸಾಫ್ಟ್‌ವೇರೂ ಎಲ್ಲ ಆಪರೇಟಿಂಗ್ ಸಿಸ್ಟಂನಲ್ಲಿ ನಡೆಯಲೇಬೇಕು ಅಂತ ಸರ್ಕಾರ ಕಾನೂನು ಮಾಡಬಾರದೇ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಅಂಥ ಕಾನೂನು ಬೇಡ. ಇಬ್ಬರು ಹುಡುಗರು ಸೇರಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಾರೆ ಅಂದುಕೊಳ್ಳಿ. ಅಂಥ ಕಾನೂನು ಬಂದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬರೆದು, ಪರೀಕ್ಷಿಸಿ, ವರ್ಷಗಟ್ಟಲೆ ರಿಪೇರಿ ಮಾಡುತ್ತಿರಬೇಕು. ದೊಡ್ಡ ಕಂಪನಿ ತಾಳಿಕೊಳ್ಳುತ್ತದೆ, ಇವರು ಬಾಗಿಲು ಹಾಕುತ್ತಾರೆ.

ಸರ್ಕಾರ ತಂತ್ರಜ್ಞಾನವನ್ನೇ ಗೊತ್ತುಮಾಡಿದರೆ ಏನಾಗುತ್ತದೆ? ದಕ್ಷಿಣ ಕೊರಿಯಾ ನೋಡಿ. 1998ರಲ್ಲಿ ಅಲ್ಲಿ ಸೀಡ್ ಎಂಬ ಸ್ವಂತ ಗೂಢಲಿಪಿ ಮಾಡಿಕೊಂಡರು. ಬ್ರೌಸರ್‌ಗಳಿಗೆ ಅದು ಗೊತ್ತಿರಲಿಲ್ಲ. ಅದಕ್ಕೆ ಆಕ್ಟಿವ್‌ಎಕ್ಸ್ ಎಂಬ ಮೈಕ್ರೋಸಾಫ್ಟ್‌ನ ಬ್ರೌಸರ್ ಜೋಡಣೆಯನ್ನು ಸೇರಿಸಿದರು. ಅದು ಓಡುತ್ತಿದ್ದುದು ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ನೆಟ್‌ನಲ್ಲಿ ನಾನು ನಾನೇ ಎಂದು ತೋರಿಸುವ ಡಿಜಿಟಲ್ ಸರ್ಟಿಫಿಕೇಟ್ ಕಡ್ಡಾಯ ಎಂಬ ನಿಯಮವೂ ಸೇರಿ, ಬ್ಯಾಂಕ್ ಕೆಲಸಕ್ಕೆ ಇಡೀ ದೇಶ ವರ್ಷಗಟ್ಟಲೆ ಒಂದೇ ಬ್ರೌಸರ್‌ಗೆ ಅಂಟಿಕೊಂಡಿತು. ಆ ಸರ್ಟಿಫಿಕೇಟ್‌ಗಿದ್ದ ವಿಶೇಷ ಸ್ಥಾನ ಪೂರ್ತಿ ಹೋಗಿದ್ದು 2020ರಲ್ಲಿ.

ಹಾಗಂತ ಸರ್ಕಾರ ಸುಮ್ನೆ ಕೂರಬೇಕು ಅಂತಲ್ಲ. ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೊ ದಂಡ ಹಾಕಿತು. ವಿಂಡೋಸ್ ಕಂಪ್ಯೂಟರ್‌ಗಳು ಸರ್ವರ್‌ಗಳ ಜತೆ ಹೇಗೆ ಮಾತಾಡುತ್ತವೆ ಎಂಬ ವಿವರ ಬೇರೆಯವರಿಗೂ ಕೊಡಿ ಎಂದಿತು. 2007ರ ಡಿಸೆಂಬರ್‌ನಲ್ಲಿ ಲಿನಕ್ಸ್ ಮತ್ತು ವಿಂಡೋಸ್ ನಡುವೆ ಫೈಲ್ ಹಂಚಿಕೊಳ್ಳುವ ಪುಕ್ಕಟೆ ಸಾಫ್ಟ್‌ವೇರ್ ಸಾಂಬಾ, ಅದರ ತಂಡಕ್ಕೆ ಆ ದಾಖಲೆ ಸಿಕ್ಕಿತು. ಕೇಳಬೇಕಾದ್ದು ಇದನ್ನೇ. ಫೈಲ್‌ನ ರೂಪ, ಸಿಸ್ಟಂಗಳು ಮಾತಾಡುವ ರೀತಿ ಎಲ್ಲರಿಗೂ ತೆರೆದಿರಲಿ. ಉಳಿದದ್ದನ್ನು ಸಾಫ್ಟ್‌ವೇರ್ ಬರೆಯುವವರು ನೋಡಿಕೊಳ್ಳುತ್ತಾರೆ.

ಕನ್ನಡದವರಿಗೆ ಇದು ಚೆನ್ನಾಗಿ ಗೊತ್ತಿರಬೇಕು, ಅಲ್ವಾ? ಹಳೆಯ ನುಡಿ ಫಾಂಟ್‌ನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆಯಿರಿ. ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು ಕಾಣುತ್ತವೆ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿದ್ದರೆ ಎಲ್ಲಿ ತೆರೆದರೂ ಕನ್ನಡವೇ.

ಖಾಸಗಿಯವರ ಮಾತು ಬಿಡಿ, ಸರ್ಕಾರದ ಅರ್ಜಿ ಒಂದೇ ಸಿಸ್ಟಂನಲ್ಲಿ ತೆರೆದರೆ ಅದು ಅನ್ಯಾಯ. ತೆರಿಗೆ ಕಟ್ಟುವವರು ವಿಂಡೋಸ್ ಕೊಂಡವರು ಮಾತ್ರ ಅಲ್ಲ. ಇ-ಆಡಳಿತಕ್ಕೆ ಮುಕ್ತ ಮಾನಕಗಳ (ಯಾರು ಬೇಕಾದರೂ ಬಳಸಬಹುದಾದ ರೂಪ, ನಿಯಮಗಳ) ನೀತಿ ನಮ್ಮಲ್ಲಿ 2010ರಿಂದ ಇದೆ. ಅರ್ಜಿ ತೆರೆಯದಿದ್ದರೆ ಆ ನೀತಿ ಹೆಸರಿಸಿ ಇಲಾಖೆಗೆ ಬರೆಯಿರಿ.

ಪ್ರಶ್ನೆ: ಯಾವ ಸಾಫ್ಟ್‌ವೇರನ್ನಾದರೂ ಲಿನಕ್ಸ್‌ನಲ್ಲಿ ನಡೆಸುವ ಟೂಲ್ 500 ರೂಪಾಯಿಗೆ ಕೊಡುತ್ತಾರಂತೆ. ಕೊಳ್ಳಲೇ?

ಬೇಡ. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಪುಕ್ಕಟೆ ಸಿಗುತ್ತದೆ, ಅದರಲ್ಲೂ ಎಲ್ಲವೂ ನಡೆಯುವುದಿಲ್ಲ. ಎಲ್ಲವೂ ನಡೆಯುತ್ತದೆ ಅಂತ ಮಾರುವವರು ಮೋಸಗಾರರು.

ಪ್ರಶ್ನೆ: ಹಳೆಯ ನುಡಿ ಫೈಲ್‌ಗಳನ್ನು ಯೂನಿಕೋಡ್ ಮಾಡಿಕೊಂಡೆ. ಮೂಲ ಅಳಿಸಬಹುದೇ?

ದಯವಿಟ್ಟು ಅಳಿಸಬೇಡಿ. ಪರಿವರ್ತಕಗಳು ಅರ್ಕಾವತ್ತಿನಲ್ಲಿ ಎಡವುತ್ತವೆ. ಮೊದಲು ಹೆಸರು, ಸರ್ವೆ ನಂಬರ್, ಮೊತ್ತ ಒಂದೊಂದಾಗಿ ತಾಳೆ ನೋಡಿ. ನಾನು ಮೂಲಗಳನ್ನು ಎರಡು ಡಿಸ್ಕ್‌ಗಳಲ್ಲಿ ಇಟ್ಟಿದ್ದೇನೆ.